ಹುಲಿಯೊಡನೆ ಕಟ್ಟುಪಾಡು



ಕಾಡಿನ ದೊಡ್ಡ ಬೆಕ್ಕುಗಳು ನಮ್ಮ ಅಧ್ಯಾತ್ಮದ ಕಲ್ಪನೆಯಲ್ಲಿ ಏನನ್ನು ಸೂಚಿಸುತ್ತವೆ, ಬದುಕಿಗೆ ಅವುಗಳಿಂದ ಕಲಿಯುವುದೇನಿದೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಇದರ ಹರವು ದೊಡ್ಡದು. ದುರ್ಗೆಯ ಸಿಂಹ, ನರಸಿಂಹಾವತಾರ, ಮಹಾವೀರನ ಲಾಂಛನವಾದ ಸಿಂಹ, ಸಾರನಾಥದ ಸ್ತಂಭದ ನಾಲ್ಕು ಸಿಂಹಗಳು, ಒಂದೊಂದಕ್ಕೂ ಒಂದೊಂದು ಸಂಜೆ ಬೇಕು. ಹಾಗಾಗಿ ನಾನು ಹುಲಿಯೊಂದನ್ನೇ ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ಚರಿತ್ರೆಗೆ ತಿಳಿದಂತೆ ಸಿಂಹದ ನೆಲೆ ಬಹುಮಟ್ಟಿಗೆ ನರ್ಮದೆಯಿಂದ ಉತ್ತರಕ್ಕೆ. ಕನ್ನಡ ನಾಡಿಗೆ ಅದು ಪುರಾಣದ ಮೂಲಕ, ಶಿಲ್ಪಿಯ ಉಳಿಯ ಮೂಲಕ ಬಂದ ಪ್ರಾಣಿ. ಹುಲಿ ಹಾಗೆ ಬಂದದ್ದಲ್ಲ. ಅದು ದನ ಮೇಯುವ ಬ್ಯಾಣದ ಅಂಚಿನಲ್ಲೇ ಇತ್ತು, ಈಗಲೂ ಇದೆ. ಕಣ್ಣಾರೆ ಕಂಡ, ಕೊಟ್ಟಿಗೆಯ ಕರುವನ್ನು ಕಳೆದುಕೊಂಡ ಜನ ಒಂದು ಮೃಗವನ್ನು ದೈವದ ಪಕ್ಕದಲ್ಲಿ ನಿಲ್ಲಿಸಿದರೆ, ಆ ಸಂಕೇತದ ತೂಕವೇ ಬೇರೆ.

ನನ್ನ ವಾದವನ್ನು ಮೊದಲೇ ಮುಂದಿಡುತ್ತೇನೆ. ಹುಲಿಯೆಂದರೆ ಶೌರ್ಯ ಎಂಬುದು ರೂಢಿಯ ಅರ್ಥ. ಹುಲಿಯೆಂದರೆ ನಮ್ಮೊಳಗಿನ ಕಾಮಕ್ರೋಧ, ಅದನ್ನು ಗೆಲ್ಲಬೇಕು ಎಂಬುದು ಪ್ರವಚನಗಳ ಅರ್ಥ. ಹುಲಿಯ ಜೊತೆಗೇ ಬದುಕಿದ ಜನ ಕಟ್ಟಿಕೊಂಡ ಹಾಡು, ಗುಡಿ, ಕುಣಿತಗಳನ್ನು ನೋಡಿದರೆ ಇವೆರಡಕ್ಕಿಂತ ಆಳದ ಅರ್ಥವೊಂದು ಕಾಣುತ್ತದೆ. ಅಲ್ಲಿ ಹುಲಿ ಎಂದರೆ ಅಳಿಸಬಾರದ, ಆದರೆ ನಮ್ಮದಾಗಿಸಿಕೊಳ್ಳಲೂ ಆಗದ ಶಕ್ತಿ. ಅಂಥ ಶಕ್ತಿಯ ನೆರೆಯಲ್ಲಿ ಬಾಳಬೇಕಾದರೆ ಕಟ್ಟುಪಾಡೊಂದು ಬೇಕು, ಆ ಕಟ್ಟುಪಾಡು ಮನುಷ್ಯನನ್ನೂ ಕಟ್ಟಬೇಕು. ನಮ್ಮ ಪರಂಪರೆ ಹುಲಿಯಿಂದ ಕಲಿತ ಪಾಠ ಇದು ಎಂದು ನಾನು ತಿಳಿದಿದ್ದೇನೆ. ಮೊದಲು ಅರಮನೆಯ ಹುಲಿಯನ್ನು, ಆಮೇಲೆ ಸಂತರ ಹುಲಿಯನ್ನು, ಅನಂತರ ದನಗಾಹಿಗಳ ಹುಲಿಯನ್ನು ನೋಡಿ, ಕೊನೆಗೆ ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಉತ್ತರಿಸುತ್ತೇನೆ.

ಅರಮನೆಯ ಹುಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎನಿಸಿಕೊಂಡ ಸೊಸೆವೂರಿನಲ್ಲಿ ಜೈನಮುನಿಯ ಅಪ್ಪಣೆಯಂತೆ ಹೊಯ್ಸಳರ ಮೂಲಪುರುಷ ಸಳನು ಹುಲಿಯನ್ನು ಹೊಡೆದು ಕೊಂದ ಐತಿಹ್ಯ ಎಲ್ಲರಿಗೂ ಗೊತ್ತು. ಬೇಲೂರಿನ ಗುಡಿಯ ಬಾಗಿಲ ಪಕ್ಕದಲ್ಲಿ ಆ ಕಾಳಗ ಕಲ್ಲಾಗಿ ನಿಂತಿದೆ. ಚೋಳರ ಲಾಂಛನ ಹುಲಿ. ಹೊಯ್ಸಳ ವಿಷ್ಣುವರ್ಧನ ತಲಕಾಡಿನಲ್ಲಿ ಅವರನ್ನು ಸೋಲಿಸಿದ ಮೇಲೆ ಸಳ ಹುಲಿಯನ್ನು ಕೊಲ್ಲುವ ಲಾಂಛನಕ್ಕೆ ಹೊಸ ಅರ್ಥ ಬಂತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಆರು ಶತಮಾನಗಳ ಅನಂತರ ಟಿಪ್ಪು ಸುಲ್ತಾನ್ ತನ್ನ ಸಿಂಹಾಸನಕ್ಕೆ, ಆಯುಧಗಳಿಗೆ, ಸೈನಿಕರ ಉಡುಪಿಗೆ ಹುಲಿಯನ್ನೂ ಹುಲಿಯ ಪಟ್ಟೆಯನ್ನೂ ತಂದ. ಐರೋಪ್ಯನೊಬ್ಬನ ಮೇಲೆ ಎರಗಿದ ಅವನ ಯಂತ್ರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಳ ಹುಲಿಯನ್ನು ಕೊಂದ, ಟಿಪ್ಪು ಹುಲಿಯೇ ಆದ. ಎರಡು ಕಡೆಯೂ ಹುಲಿ ಎಂದರೆ ಅಧಿಕಾರ. ಕೊಂದವನಿಗೂ ಧರಿಸಿದವನಿಗೂ ಅದರ ಬಲ ಬೇಕು, ಅದರ ಬಾಳಿನ ಗೊಡವೆ ಬೇಡ. ಅರಮನೆಗೆ ಹುಲಿಯ ಹಸಿವಿನ ಪ್ರಶ್ನೆಯೇ ಏಳುವುದಿಲ್ಲ. ನಾವು ಹುಡುಕುತ್ತಿರುವ ಪಾಠ ಈ ಹುಲಿಯಲ್ಲಿ ಸಿಗದು.

ಇನ್ನು ಎರಡನೆಯ ವಿಚಾರ, ಸಂತರ ಹುಲಿ. ಇಲ್ಲಿ ಎರಡು ಚಿತ್ರಗಳನ್ನು ಬಿಡಿಸಿ ನೋಡಬೇಕು. ಒಂದು ಶಿವನ ಹುಲಿದೊಗಲು. ದಾರುಕಾವನದ ಋಷಿಗಳು ಹೋಮದ ಬೆಂಕಿಯಿಂದ ಹುಲಿಯನ್ನು ಎಬ್ಬಿಸಿ ಶಿವನ ಮೇಲೆ ಬಿಟ್ಟರು, ಅವನು ಉಗುರಿನಿಂದಲೇ ಅದರ ಚರ್ಮ ಸುಲಿದು ಸೊಂಟಕ್ಕೆ ಸುತ್ತಿಕೊಂಡ ಎಂಬುದು ಕಥೆ. ಯೋಗಿಯ ಆಸನವಾದ ವ್ಯಾಘ್ರಾಜಿನಕ್ಕೂ ಇದೇ ಅರ್ಥವನ್ನು ಹೇಳಿಕೊಂಡು ಬಂದಿದ್ದೇವೆ: ಮೃಗತ್ವ ಸತ್ತಿದೆ, ಅದರ ಮೇಲೆ ಸಾಧಕ ಕುಳಿತಿದ್ದಾನೆ. ಪ್ರವಚನಕಾರರು ಮೆಚ್ಚುವ ಚಿತ್ರ ಇದು. ಇನ್ನೊಂದು, ಚಾಮರಾಜನಗರ ಜಿಲ್ಲೆಯ ಎಪ್ಪತ್ತೇಳು ಮಲೆಗಳ ಒಡೆಯ ಮಾದಪ್ಪನದು, ಅಂದರೆ ಮಲೆ ಮಹದೇಶ್ವರರದು. ಸುಮಾರು ಹದಿನೈದು, ಹದಿನಾರನೆಯ ಶತಮಾನದವರೆಂದು ವಿದ್ವಾಂಸರು ಭಾವಿಸುವ ಮಹದೇಶ್ವರರು ಕುಳಿತದ್ದು ಜೀವಂತ ಹುಲಿಯ ಮೇಲೆ. ಸತ್ತ ಹುಲಿಯ ಮೇಲೆ ಕುಳಿತ ಯೋಗಿಗೂ ಉಸಿರಾಡುವ ಹುಲಿಯ ಮೇಲೆ ಕುಳಿತ ಜಂಗಮನಿಗೂ ಇರುವ ಅಂತರ ನಮ್ಮ ವಿಚಾರದ ತಿರುಳು.

ಮಾದಪ್ಪನ ಕಥೆಯನ್ನು ಪಂಡಿತರು ಉಳಿಸಲಿಲ್ಲ, ಉಳಿಸಿದವರು ದೇವರಗುಡ್ಡರು. ಕಂಸಾಳೆಯ ತಾಳಕ್ಕೆ ರಾತ್ರಿಯಿಡೀ ಹಾಡುವ ಆ ಮಹಾಕಾವ್ಯ ಬೇಸಾಯಗಾರರು, ದನಗಾಹಿಗಳು, ಸೋಲಿಗರು, ಬೇಡಗಂಪಣರು, ಹೊಲಮನೆ ಕಾಯುವ ಬಡವರ ನಡುವೆ ಬೆಳೆದದ್ದು. ಕಾಡಿನಲ್ಲಿ ಹುಲಿಯ ಜಾಡನ್ನು ದಿನವೂ ದಾಟುವ ಜನ ತಮ್ಮ ಗುರುವಿಗೆ ಕುದುರೆಯನ್ನಾಗಲಿ ಆನೆಯನ್ನಾಗಲಿ ಕೊಡದೆ ಹುಲಿಯನ್ನು ಕೊಟ್ಟರು. ವಾಹನವಾದ ಹುಲಿಯ ಬಾಯಿಗೆ ಲಗಾಮಿಲ್ಲ. ಅದರ ಹಲ್ಲನ್ನು ಯಾರೂ ಕಿತ್ತಿಲ್ಲ, ಉಗುರನ್ನು ಕತ್ತರಿಸಿಲ್ಲ. ಬೆಟ್ಟದಲ್ಲಿ ನಡೆಯುವ ಹುಲಿವಾಹನ ಸೇವೆಯಲ್ಲಿ ಗುಡಿಯ ಸುತ್ತ ಬರುವ ಹುಲಿಯೂ ಪೂರಾ ಹುಲಿಯೇ; ಭಕ್ತರು ಉಘೇ ಎನ್ನುವಾಗ ಆ ಉಘೇಯಲ್ಲಿ ಅದಕ್ಕೂ ಪಾಲಿದೆ. ಹುಲಿಯನ್ನು ಹುಲಿಯಾಗಿಯೇ ಉಳಿಸಿ ಅದರ ಜೊತೆ ನಡೆಯಬಲ್ಲ ಶಕ್ತಿ ಯಾವುದು? ಹೆದರಿಕೆ ಇಲ್ಲದಿರುವುದಷ್ಟೇ ಸಾಲದು, ಹೆದರಿಸದೆ ಇರುವುದೂ ಬೇಕು. ಏನನ್ನೂ ಕೂಡಿಡದ ಜಂಗಮನಿಂದ ಹುಲಿಗೆ ಅಪಾಯವಿಲ್ಲ, ಆದ್ದರಿಂದ ಹುಲಿಯಿಂದ ಅವನಿಗೂ ಇಲ್ಲ. ಜನಪದದ ತರ್ಕ ನೇರವಾದದ್ದು.

ದಕ್ಷಿಣದ ಇತರ ಕಥೆಗಳಲ್ಲೂ ಈ ಎಳೆ ಇದೆ. ಸಾಕುತಾಯಿ ನಟಿಸಿದ ತಲೆನೋವಿಗೆ ಹುಲಿಯ ಹಾಲು ತರಲು ಹೋದ ಅಯ್ಯಪ್ಪ ಹುಲಿಗಳ ಹಿಂಡಿನೊಡನೆಯೇ ಪಂದಳಕ್ಕೆ ಮರಳಿದ. ಅರಮನೆಯವರಿಗೆ ತಪ್ಪಿನ ಅರಿವಾದ ಮೇಲೆ ಹುಲಿಗಳು ಕಾಡಿಗೆ ಹಿಂದಿರುಗಿದವು, ಅರಮನೆಯ ಬೋನಿಗಲ್ಲ. ಚಿದಂಬರದ ಋಷಿಯೊಬ್ಬ ಇನ್ನೂ ಮುಂದಕ್ಕೆ ಹೋದ. ಜೇನುಹುಳು ಮುಟ್ಟುವ ಮೊದಲೇ, ಕತ್ತಲಲ್ಲೇ ಮರ ಹತ್ತಿ ಶಿವನಿಗೆ ಹೂ ಕೊಯ್ಯಬೇಕೆಂದು ಅವನು ಹುಲಿಯ ಕಾಲನ್ನೂ ಕಣ್ಣನ್ನೂ ಬೇಡಿ ಪಡೆದು ವ್ಯಾಘ್ರಪಾದನಾದ. ಬೇಟೆಗೆಂದು ಮಾಡಿದ ಪಂಜ ಹೂವಿಗೆ ಒದಗಿತು. ಮೃಗಬಲವನ್ನು ಕೊಲ್ಲದೆ ಅದರ ಕೆಲಸವನ್ನು ಬದಲಿಸುವ ಈ ಕಲ್ಪನೆ, ಒಳಗಿನ ಹುಲಿಯನ್ನು ಕೊಲ್ಲಿರೆಂಬ ಉಪದೇಶಕ್ಕಿಂತ ನನಗೆ ಎಷ್ಟೋ ಮೇಲೆನಿಸುತ್ತದೆ. ಸಿಟ್ಟಿಲ್ಲದ ಮನುಷ್ಯ ಅನ್ಯಾಯವನ್ನೂ ತಾಳಿಕೊಂಡುಬಿಡುತ್ತಾನೆ. ಹಸಿವಿಲ್ಲದವನಿಗೆ ಕಲಿಯುವ ಹಂಬಲವೂ ಇರದು.

ಇಷ್ಟು ಹೇಳಿ ಮೂರನೆಯ ವಿಚಾರಕ್ಕೆ, ದನಗಾಹಿಗಳ ಹುಲಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಕನ್ನಡದ ಮಕ್ಕಳು ತಲೆಮಾರುಗಳಿಂದ ಹಾಡಿಕೊಂಡು ಬಂದ ಗೋವಿನ ಹಾಡಿನಲ್ಲಿ ಹಸಿದ ಹುಲಿ ಅರ್ಬುತ, ಗೊಲ್ಲ ಕಾಳಿಂಗನ ದೊಡ್ಡಿಯ ಹಸು ಪುಣ್ಯಕೋಟಿಯನ್ನು ಅಡ್ಡಗಟ್ಟುತ್ತದೆ. ಕರುವಿಗೆ ಹಾಲೂಡಿಸಿ ಬರುತ್ತೇನೆ ಎಂದು ಹಸು ಮಾತು ಕೊಡುತ್ತದೆ, ಮಾತಿನಂತೆ ಮರಳುತ್ತದೆ. ಸತ್ಯವಂತೆಯಾದ ಹಸುವನ್ನು ನಾವು ಎಷ್ಟು ಕೊಂಡಾಡುತ್ತೇವೆಂದರೆ ಹುಲಿ ಮಾಡಿದ್ದನ್ನು ಗಮನಿಸುವುದೇ ಇಲ್ಲ. ಹಸಿದ ಹೊಟ್ಟೆಯ ಮುಂದೆ ಆಹಾರ ನಿಂತಿದೆ. ಅದು ಹೊರಟುಹೋದರೆ ಮತ್ತೆ ಬರುತ್ತದೆಂಬುದಕ್ಕೆ ಮಾತಿನ ಹೊರತು ಒತ್ತೆಯಿಲ್ಲ, ಜಾಮೀನಿಲ್ಲ. ಮೊದಲು ಅನುಮಾನಪಟ್ಟರೂ ಹುಲಿ ದಾರಿ ಬಿಟ್ಟಿತು. ಆ ದಾರಿ ಬಿಟ್ಟ ಗಳಿಗೆ ಇಲ್ಲದಿದ್ದರೆ ಹಾಡೇ ಇಲ್ಲ. ಹಸುವಿನ ಸತ್ಯಕ್ಕೆ ಹುಲಿಯ ವಿಶ್ವಾಸ ನೆಲ ಕೊಟ್ಟಿತು. ಕಟ್ಟುಪಾಡು ಇಬ್ಬರ ನಡುವೆ ಹುಟ್ಟಿತು.

ಹಾಡಿನ ಕೊನೆಯಲ್ಲಿ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಹುಟ್ಟಿನಿಂದಲೇ ಮಾಂಸಾಹಾರಿಯಾದ ಜೀವ ತನ್ನ ಸ್ವಭಾವಕ್ಕಾಗಿ ಯಾಕೆ ಸಾಯಬೇಕು ಎಂದು ನಮ್ಮ ಕಾಲದ ಹಲವು ಓದುಗರು ಕೇಳಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದು, ಇದನ್ನು ಭಕ್ತಿಯ ಹೆಸರಿನಲ್ಲಿ ತಳ್ಳಿಹಾಕಬಾರದು. ಆರ್ಯಶೂರನ ಜಾತಕಮಾಲೆಯ ವ್ಯಾಘ್ರೀ ಜಾತಕದಲ್ಲಿ, ಹಸಿವಿನಿಂದ ತನ್ನ ಮರಿಗಳನ್ನೇ ತಿನ್ನಲು ಹೊರಟ ಹುಲಿಗೆ ಬೋಧಿಸತ್ವ ತನ್ನ ಮೈಯನ್ನೇ ಒಪ್ಪಿಸುತ್ತಾನೆ. ಅಲ್ಲಿ ಹುಲಿಯ ಹಸಿವಿಗೆ ಪಾಪದ ಹಣೆಪಟ್ಟಿಯಿಲ್ಲ. ಗೋವಿನ ಹಾಡು ಹಸಿವನ್ನು ನಾಚಿಸಿತು, ಜಾತಕ ಹಸಿವನ್ನು ಗೌರವಿಸಿತು. ಹಾಗೆಂದು ಗೋವಿನ ಹಾಡನ್ನು ಕಟ್ಟಿದವರನ್ನು ದೂರಲು ನಾನು ಸಿದ್ಧನಿಲ್ಲ. ದನ ಕಳೆದುಕೊಂಡವರ ಮನೆಯ ಹಾಡು ಅದು, ಹುಲಿ ಸಾಯಲಿ ಎಂಬ ಆಸೆ ಅದರಲ್ಲಿ ಇರದೆ ಇದ್ದೀತೆ? ಆದರೆ ಅದೇ ಜನ ಹಾಡಿನಲ್ಲಿ ಸಾಯಿಸಿದ ಹುಲಿಯನ್ನು ಗುಡಿಯಲ್ಲಿ ಬದುಕಿಸಿದ್ದಾರೆ.

ಉತ್ತರ ಕನ್ನಡದ ಕಾಡೂರುಗಳಲ್ಲಿ ಹುಲಿದೇವರ ಕಲ್ಲುಗಳಿವೆ. ಹಾಲಕ್ಕಿ ಒಕ್ಕಲಿಗರು, ಕುಣಬಿಗಳು, ಇತರ ಬೇಸಾಯಗಾರರು ಅವಕ್ಕೆ ನಡೆದುಕೊಳ್ಳುತ್ತಾರೆ. ಮಲೆನಾಡಿನ ಹಲವೆಡೆ ದೀಪಾವಳಿಯ ಗೋಪೂಜೆಯ ದಿನ ಕೊಟ್ಟಿಗೆಯ ದನಗಳಿಗೆ ಅಡಿಕೆ, ಹಿಂಗಾರ, ಚೆಂಡುಹೂವಿನ ಮಾಲೆ ಹಾಕಿ ಬಿಡುವಾಗಲೇ ಹುಲಿಯಪ್ಪನಿಗೂ ಕಾಯಿ ಒಡೆಯುತ್ತಾರೆ. ಒಂದೇ ಹಬ್ಬದಲ್ಲಿ ಹಸುವಿಗೂ ಪೂಜೆ, ಹಸುವನ್ನು ತಿನ್ನುವವನಿಗೂ ಪೂಜೆ! ಗೋವಿನ ಹಾಡು ಬಿಡಿಸಲಾರದೆ ಹೋದ ಕಗ್ಗಂಟನ್ನು ಈ ಆಚರಣೆ ಬಿಡಿಸುತ್ತದೆ. ಇಲ್ಲಿ ಯಾರೂ ಸಾಯಬೇಕಿಲ್ಲ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೂ ಹುಲಿ ಮಾದಪ್ಪನ ವಾಹನ. 2011ರಲ್ಲಿ ಆ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, ಅದೇ ವರ್ಷ ಸೋಲಿಗರ ಹಲವು ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿಯೂ ಇರಲಿ ಜನರೂ ಇರಲಿ ಎಂದು ಕಾನೂನು ಒಪ್ಪಿಕೊಂಡ ಅಪರೂಪದ ಸಂದರ್ಭ ಅದು.

ಕರಾವಳಿಯಲ್ಲಿ ಈ ಸಂಬಂಧ ಮೈಗೇ ಇಳಿಯುತ್ತದೆ. ಪಿಲಿಚಾಮುಂಡಿ ತುಳುನಾಡಿನ ದೈವ. ಉಡುಪಿಯ ಅಷ್ಟಮಿಗೆ, ಮಂಗಳೂರಿನ ನವರಾತ್ರಿಗೆ ಹುಲಿವೇಷ ಹಾಕುವ ಎಷ್ಟೋ ಮಂದಿಗೆ ಅದು ಹರಕೆ. ಬಣ್ಣದ ಹಿಂದಿನ ದಿನ ಊದುಪೂಜೆ ಆಗಬೇಕು. ಮೈಯ ಕೂದಲನ್ನೆಲ್ಲ ಬೋಳಿಸಿಕೊಂಡು, ಎರಡೂ ಕೈ ಚಾಚಿ, ಕೋಲಿಗೆ ಆತು ಗಂಟೆಗಟ್ಟಲೆ ನಿಲ್ಲಬೇಕು. ಮೊದಲು ಹಳದಿ ಬಳಿಯುತ್ತಾರೆ, ಅದು ಒಣಗುವವರೆಗೆ ಕೂರುವಂತಿಲ್ಲ, ಆಮೇಲೆ ಕುಂಚ ಹಿಡಿದವನು ಪಕ್ಕೆಯಿಂದ ಬೆನ್ನಿಗೆ ಕಪ್ಪು ಪಟ್ಟೆ ಎಳೆಯುತ್ತಾನೆ. ಪೇಂಟು ಚರ್ಮವನ್ನು ಸುಡುತ್ತದೆ, ಬೆವರು ಹೊರಬರಲು ದಾರಿಯಿಲ್ಲ, ಕಳಚುವಾಗ ಸೀಮೆಎಣ್ಣೆಯಲ್ಲಿ ಉಜ್ಜಬೇಕು. ತಾಸೆಯ ಪೆಟ್ಟಿಗೆ ಕುಣಿಯುತ್ತ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವಾಗ ಜನ ಕಾಣುವುದು ಬಲವನ್ನು. ಆ ಬಲದ ಹಿಂದೆ ಇಷ್ಟು ಹೊತ್ತಿನ ತಾಳ್ಮೆ ಇದೆ. ಹುಲಿಯಾಗುವುದು ಇಲ್ಲಿ ಯಾರಿಗೂ ಬಿಟ್ಟಿಯಾಗಿ ಸಿಗುವ ಪದವಿಯಲ್ಲ.

ಕಾಡಿನ ಹುಲಿಯ ಬಾಳೂ ಬಹಳ ಮಟ್ಟಿಗೆ ಹೀಗೆಯೇ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಭ್ಯಸಿಸಿದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂಥ ಸುಮಾರು 50 ಬಲಿಪ್ರಾಣಿಗಳು ಬೇಕು. ಅಷ್ಟು ಸಿಗಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು. ಹತ್ತರಲ್ಲಿ ಒಂದನ್ನು ತಿಂದು ಒಂಬತ್ತನ್ನು ಉಳಿಸುವ ಈ ಅನುಪಾತ ಹುಲಿಯ ವೈರಾಗ್ಯವೇನೂ ಅಲ್ಲ, ಕಾಡಿನ ನಿಯಮ. ಹುಲಿಯ ಹೆಚ್ಚಿನ ದಾಳಿಗಳು ವಿಫಲವಾಗುತ್ತವೆ. ಕೊಂದದ್ದನ್ನು ಅದು ಎಲೆ, ಹುಲ್ಲಿನಿಂದ ಮುಚ್ಚಿಟ್ಟು ಮೂರು ನಾಲ್ಕು ದಿನ ತಿನ್ನುತ್ತದೆ. ಗಡಿಯ ಮರಗಳ ಮೇಲೆ ಉಗುರಿನ ಗೀರು, ವಾಸನೆಯ ಗುರುತು ಬಿಟ್ಟು, ಇನ್ನೊಂದು ಹುಲಿಯ ಜೊತೆಗಿನ ಕಾದಾಟವನ್ನು ಆದಷ್ಟೂ ತಪ್ಪಿಸುತ್ತದೆ. ಮನುಷ್ಯನ ಸದ್ಗುಣಗಳನ್ನು ಹುಲಿಗೆ ಅಂಟಿಸುವುದು ನನ್ನ ಉದ್ದೇಶವಲ್ಲ. ಆದರೆ ಗಡಿ ಗೊತ್ತಿರುವ ಬಲ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಕಾಡಿನಲ್ಲಿ ಇಲ್ಲ. ಹುಲಿಯ ಗುಣ ಬೇಕೆನ್ನುವವರು ಘರ್ಜನೆಗಿಂತ ಮೊದಲು ಈ ಲೆಕ್ಕವನ್ನು ಕಲಿಯಬೇಕು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಹುಲಿಪೂಜೆ ಭಯದಿಂದ ಹುಟ್ಟಿದ್ದು, ದೇವರಿಗೆ ಕೊಡುವ ಲಂಚ, ಅದರಲ್ಲಿ ಅಧ್ಯಾತ್ಮವನ್ನು ಹುಡುಕುವುದು ವಿದ್ಯಾವಂತರ ಹವ್ಯಾಸ ಎಂಬುದು. ಭಯ ಇದೆ, ಒಪ್ಪೋಣ. ಭಯವಷ್ಟೇ ಇದ್ದಿದ್ದರೆ ಪೂಜೆ ಹುಲಿಯನ್ನು ಮಾತ್ರ ಕಟ್ಟಬೇಕಿತ್ತು. ಸುಂದರಬನದ ವನದೇವತೆ ಬೊನಬೀಬಿಯ ಕಥೆ ಬೇರೆಯದನ್ನೇ ಹೇಳುತ್ತದೆ. ಹುಲಿಯ ರೂಪ ತಾಳುವ ದೊಖಿನ್ ರಾಯ್, ಜೇನು ಮೇಣಗಳ ಆಸೆಗೆ ಬಿದ್ದ ಧೋನಾ ಎಂಬ ವರ್ತಕನಿಂದ ಬಡ ಹುಡುಗ ದುಖೆಯನ್ನು ಬಲಿಯಾಗಿ ಕೇಳುತ್ತಾನೆ. ಬೊನಬೀಬಿ ಹುಡುಗನನ್ನು ಉಳಿಸುತ್ತಾಳೆ, ದೊಖಿನ್ ರಾಯ್‌ನನ್ನೂ ಕೊಲ್ಲಿಸುವುದಿಲ್ಲ. ಆ ಕಾಡಿಗೆ ಜೇನಿಗೆ ಹೋಗುವ ಹಿಂದೂಗಳೂ ಮುಸಲ್ಮಾನರೂ ಇಂದಿಗೂ ಅವಳ ಅಪ್ಪಣೆ ಕೇಳಿ, ಬೇಕಾದಷ್ಟೇ ತರುತ್ತೇವೆಂಬ ನಿಯಮ ಹೇಳಿಕೊಳ್ಳುತ್ತಾರೆ. ಕಥೆಯಲ್ಲಿ ತಪ್ಪಿತಸ್ಥ ಹುಲಿಗಿಂತ ಹೆಚ್ಚಾಗಿ ದುರಾಸೆಯ ವರ್ತಕ. ಪೂಜಿಸುವವನ ಕೈಯನ್ನೇ ಕಟ್ಟುವ ಪೂಜೆಯನ್ನು ಲಂಚವೆಂದು ಹೇಗೆ ಕರೆಯುವುದು?

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಷ್ಟೆಲ್ಲ ಸಂಕೇತಗಳಿದ್ದ ನಾಡಿನಲ್ಲೇ ಹುಲಿಯನ್ನು ಬೇಟೆಯಾಡಿ ಬರಿದು ಮಾಡಿದರಲ್ಲ? ಇಂದಿನ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. ಹುಲಿ ಕೊಂದವರಿಗೆ ಬ್ರಿಟಿಷ್ ಆಡಳಿತ ಇನಾಮು ಕೊಡುತ್ತಿತ್ತು. 1972ರ ವನ್ಯಜೀವಿ ಕಾಯ್ದೆ, 1973ರ ಹುಲಿ ಯೋಜನೆ ಬರುವವರೆಗೆ ಯಾವ ಹುಲಿದೇವರೂ ಬಂದೂಕನ್ನು ತಡೆಯಲಿಲ್ಲ. ಇದರಲ್ಲಿ ಸತ್ಯವಿದೆ. ಆದರೆ ಬಂದೂಕು ಹಿಡಿದವರಲ್ಲಿ ಹಲವರು ಹುಲಿಯಪ್ಪನಿಗೆ ಕಾಯಿ ಒಡೆಯುವವರಾಗಿರಲಿಲ್ಲ. ಅರಮನೆಯ ಹುಲಿಯನ್ನು ನಂಬಿದವರು, ಕೊಂದ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡವರು. ಅರಮನೆಯ ಹುಲಿಯನ್ನು ದನಗಾಹಿಗಳ ಹುಲಿಯಿಂದ ಮೊದಲಿಗೇ ಬೇರೆ ಮಾಡಿ ನೋಡಿದ್ದು ಇದಕ್ಕಾಗಿಯೇ. ಹುಲಿಯಿಲ್ಲದ ಕಾಡು ಉಳಿಯದು, ಕಾಡಿಲ್ಲದ ಹುಲಿ ಬದುಕದು ಎಂಬ ವಿವೇಕ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ನಾತಕ್ಕೆ ಬೇಸತ್ತ ವೃಕ್ಷದೇವತೆ ಹುಲಿ ಸಿಂಹಗಳನ್ನು ಓಡಿಸಿದಾಗ ಜನ ಹೆದರಿಕೆಯಿಲ್ಲದೆ ಬಂದು ಆ ಕಾಡನ್ನೇ ಕಡಿದ ಕಥೆ ಪಾಲಿ ಜಾತಕದಲ್ಲಿದೆ. ತಿಳಿವಳಿಕೆ ನಮ್ಮಲ್ಲಿ ಇತ್ತು, ಅಧಿಕಾರ ಅದನ್ನು ಕೇಳಲಿಲ್ಲ.

ಹೀಗೆಂದು ಇಂದಿನವರು ತಪ್ಪಿಸಿಕೊಳ್ಳುವಂತಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. 2025ರ ಜೂನ್‌ನಲ್ಲಿ ಅದೇ ಬೆಟ್ಟದ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹಸು, ಹುಲಿ, ಮಾದಪ್ಪನ ಮಲೆ: ಈ ಉಪನ್ಯಾಸದಲ್ಲಿ ಹೇಳಿದ್ದೆಲ್ಲವೂ ಆ ಒಂದು ಜಾಗದಲ್ಲಿ ಸೇರಿ ಮುರಿದುಬಿತ್ತು. ಅಪರಾಧ ಅಪರಾಧವೇ, ಅದನ್ನು ಕಾನೂನು ವಿಚಾರಿಸಲಿ. ನಮ್ಮ ಪಾಲಿಗೆ ಉಳಿಯುವ ಪ್ರಶ್ನೆ, ಕಟ್ಟುಪಾಡು ಎಲ್ಲಿ ಹರಿಯಿತು ಎಂಬುದು. 2006ರಲ್ಲಿ ದೇಶದಲ್ಲಿ 1,411 ಹುಲಿಗಳಿವೆಯೆಂದು ಅಂದಾಜಿಸಿದ್ದರು, 2022ರ ಅಂದಾಜು 3,682. ಅದರಲ್ಲಿ ಕರ್ನಾಟಕದ್ದು 563. ಈ ಏರಿಕೆಯ ಹೆಮ್ಮೆ ಇಡೀ ನಾಡಿನದು. ಅದರ ಬೆಲೆಯನ್ನು ತೆರುತ್ತಿರುವವರು ಕಾಡಂಚಿನಲ್ಲಿ ಎರಡು ಮೂರು ರಾಸು ಕಟ್ಟಿಕೊಂಡ ಮನೆಯವರು. ಪರಿಹಾರ ಕಡಿಮೆ, ಅದೂ ತಡ ಎಂಬುದು ಅಂಥ ಊರುಗಳ ಹಳೆಯ ದೂರು. ಕಟ್ಟುಪಾಡಿನ ಭಾರವನ್ನೆಲ್ಲ ಒಬ್ಬನ ಮೇಲೆ ಹೊರಿಸಿ, ಹೊರೆ ಹೊತ್ತವನಿಗೆ ಭಕ್ತಿಯನ್ನು ಬೋಧಿಸಿದರೆ ಅದು ಧರ್ಮವಾಗದು. ಹುಲಿ ಪುಣ್ಯಕೋಟಿಯನ್ನು ತಿಂದಿದ್ದರೆ ಕಾಳಿಂಗನಿಗೆ ಆಗುತ್ತಿದ್ದ ನಷ್ಟವನ್ನು ಹಾಡಿನಲ್ಲಿ ಯಾರೂ ಕೇಳಲಿಲ್ಲ, ನಾವಾದರೂ ಕೇಳಬೇಕು.

ಆದ್ದರಿಂದ ಈ ವೇದಿಕೆಯಿಂದ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಹುಲಿವಾಹನ ಸೇವೆಗೆ ಭಕ್ತರು ಕಟ್ಟುವ ಕಾಣಿಕೆಯಲ್ಲಿ ಒಂದು ಪಾಲು, ಮಲೆಯ ಸುತ್ತಿನ ಊರುಗಳಲ್ಲಿ ಹುಲಿ ಚಿರತೆಗಳಿಗೆ ದನ ಕಳೆದುಕೊಂಡವರಿಗೆ ಸಲ್ಲಲಿ. ಸರ್ಕಾರದ ಪರಿಹಾರ ಬರುವುದು ಬರಲಿ, ಅದಕ್ಕೂ ಮೊದಲು, ಕಳೇಬರ ಇನ್ನೂ ಕಾಡಿನಲ್ಲಿರುವಾಗಲೇ, ಗುಡಿಯ ಪ್ರಸಾದವೆಂದು ಹಣ ಆ ಮನೆಗೆ ತಲುಪಲಿ. ಕಳೇಬರವನ್ನು ಹುಲಿಗೇ ಬಿಡಬೇಕೆಂಬುದು ಅದರ ಷರತ್ತಾಗಲಿ. ತೆಗೆದುಕೊಂಡ ರೈತ ಮಾದಪ್ಪನಿಗೆ ಮಾತು ಕೊಟ್ಟಂತಾಗುತ್ತದೆ, ಕೊಟ್ಟ ಭಕ್ತರೂ ಮಾತಿಗೆ ಕಟ್ಟುಬಿದ್ದಂತಾಗುತ್ತದೆ. ಎಷ್ಟು ಹಣ ಬೇಕು, ಯಾರು ಹಂಚಬೇಕು, ದುರುಪಯೋಗವನ್ನು ತಡೆಯುವುದು ಹೇಗೆ ಎಂಬುದನ್ನು ಆ ಊರುಗಳ ಗ್ರಾಮಸಭೆಗಳೇ ಕುಳಿತು ತೀರ್ಮಾನಿಸಬೇಕು. ಸಭೆಯಲ್ಲಿ ಹನೂರು, ಕೊಳ್ಳೇಗಾಲದ ಕಡೆಯವರು ಇದ್ದರೆ ಈ ಸೂಚನೆಯ ಕುಂದುಕೊರತೆಗಳನ್ನು ಈಗಲೇ ಹೇಳಬೇಕೆಂದು ಕೋರುತ್ತೇನೆ. ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಸಮಯ ಮೀಸಲಿಟ್ಟಿದ್ದಾರೆ.